ಕೆಂಪು ಬಾಳೆಯ ದಾರಿ

ಬಿಳಿ ಬಣ್ಣ ತುಂಬಿದ ಬಕೆಟ್ಟು ಬಂದು ನಬಿಸಾಬನ ಕಾಲ ಬುಡದಲ್ಲೇ ಕೂತಿತು.

"ಸಂಜಿ ಆಗೂದ್ರಾಗ ಗೋಡಿ ಬೆಳ್ಳಗ ಆಗಬೇಕ್ ನೋಡ್ರಿ," ಎಂದರು ಡಾಕ್ಟರ್ ವಿವೇಕಾನಂದ. ಕಮಲಾಪುರದ ಆ ಹೊಸ ದವಾಖಾನೆಗೆ ಅವರೇ ಮುಖ್ಯಸ್ಥರು. "ನಾಳಿ ಸಾಹೇಬ್ರು ಬರ್ತಾರ. ಇದೇನ್ ದವಾಖಾನಿನೋ, ಬಾಳಿಹಣ್ಣಿನ ಅಂಗಡಿನೋ ಅಂದ್ರ ನಾ ಏನ್ ಹೇಳ್ಲಿ?"

ಹೊರಬಾಗಿಲಿನಿಂದ ಹೆರಿಗೆ ಕೋಣೆಯವರೆಗೂ ಗೋಡೆಯ ಮೇಲೆ ಊರಿಗೇ ಹೆಸರು ತಂದ ಕೆಂಪು ಬಾಳೆಹಣ್ಣುಗಳು ಒಂದರ ಹಿಂದೊಂದು ಹೊರಟಿದ್ದವು. ಕೋಣೆಯ ಬಾಗಿಲ ಮೇಲೆ ಇಡೀ ಗೊನೆ. ನಬಿಸಾಬನ ಎಂಟು ದಿನದ ಕೆಲಸ. ಒಂದು ಕಾಲಕ್ಕೆ ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ಅರ್ಧ ಅಂಗಡಿಗಳ ಹೆಸರು ಬರೆದವನು ಅವನು. ಫ್ಲೆಕ್ಸ್ ಬಂದಮೇಲೆ ಅವನನ್ನು ಕೇಳುವವರಿರಲಿಲ್ಲ. ಕಲಾ ಸಂಘದ ಅಧ್ಯಕ್ಷೆ ಮಂಜುಷಾ ಮನೆಗೇ ಹೋಗಿ ಎಬ್ಬಿಸಿಕೊಂಡು ಬಂದಿದ್ದಳು. ಈ ಗೋಡೆಯೂ ಅಳಿಸಿಹೋದರೆ ತಾನು ಮತ್ತೆ ಕುಂಚ ಮುಟ್ಟುವುದಿಲ್ಲ ಎಂಬುದು ಅವನಿಗೆ ಖಚಿತವಿತ್ತು.

"ದಾರಿ ತೋರ್ಸಾಕ ಬೋರ್ಡ್ ಹಾಕೀವಲ್ರಿ, ಎರಡು ಭಾಷಾದಾಗ," ಎಂದರು ಡಾಕ್ಟರ್.

"ಓದಾಕ ಬರೋರಿಗೆ ಅದು ಸಾಕ್ರಿ ಸರ್. ಬರದೋರಿಗೆ?" ಪಕ್ಕದಲ್ಲೇ ನಿಂತಿದ್ದ ಮಂಜುಷಾ ಸೆರಗು ಬಿಗಿದಳು. "ಸಂಜೀತನಕ ಬಿಡ್ರಿ. ಒಬ್ರಿಗಾದ್ರೂ ಉಪಯೋಗ ಆಗ್ಲಿಲ್ಲಂದ್ರ ನಾನೇ ಬಣ್ಣ ಹಚ್ತೀನಿ."

ಮಧ್ಯಾಹ್ನ ಕಳೆಯಿತು. ಬಂದವರೆಲ್ಲ ಜ್ವರ, ಕೆಮ್ಮಿನವರು. ನಬಿಸಾಬ್ ಬಕೆಟ್ಟಿನ ಮುಚ್ಚಳ ತೆಗೆದ.

ಆಗ ಆಟೋ ಬಂದು ನಿಂತಿತು. ನೋವಿಗೆ ಮುಲುಗುತ್ತಿದ್ದ ಸೊಸೆಯನ್ನು ತಬ್ಬಿ ಹಿಡಿದು ಒಬ್ಬ ಮುದುಕಿ ಒಳಗೆ ಬಂದಳು. ಜವಾನ ಚಹಾಕ್ಕೆ ಹೋಗಿದ್ದ. ಮುದುಕಿ ಬೋರ್ಡಿನತ್ತ ಕಣ್ಣೆತ್ತಲೂ ಇಲ್ಲ, ಯಾರನ್ನೂ ಕೇಳಲೂ ಇಲ್ಲ.

"ಕೆಂಪ್ ಬಾಳಿ ಹಿಡದ್ ನಡಿಯವ್ವಾ. ಹಡಿಯೋ ಖೋಲಿಗೆ ಅದೇ ದಾರಿ ಅಂತ ಸಂತ್ಯಾಗ ಎಲ್ಲಾರೂ ಹೇಳಾಕತ್ತಾರ."

ಇಬ್ಬರೂ ಡಾಕ್ಟರರ ಮುಂದೆಯೇ ಹಾದು, ಮೂಲೆಯಲ್ಲಿ ತಿರುಗಿ, ಗೊನೆಯ ಕೆಳಗೆ ಒಳಹೊಕ್ಕರು. ಡಾಕ್ಟರರೇ ಅವರ ಹಿಂದೆ ಓಡಬೇಕಾಯಿತು.

"ಸಂತ್ಯಾಗ ಅಂದಳಲ್ಲ, ಕೇಳಿದ್ರೇನು ಚಾಚಾ?" ಎಂದಳು ಮಂಜುಷಾ. ನಬಿಸಾಬನಿಗೆ ಹೆಮ್ಮೆಯಿಂದ ಎದೆ ತುಂಬಿ ಬಂದಿತ್ತು.

ಸಂಜೆ ಕೂಸಿನ ಅಳು ಕೇಳಿಸಿತು. ಡಾಕ್ಟರ್ ಕೈ ಒರೆಸಿಕೊಳ್ಳುತ್ತ ಹೊರಬಂದು, ಬಕೆಟ್ಟನ್ನೂ ಗೋಡೆಯನ್ನೂ ನೋಡಿದರು.

"ಹೆಣ್ಣು. ಇಬ್ರೂ ಆರಾಮ್ ಅದಾರ," ಎಂದರು. ಮೂಲೆಯ ನೀಲಿ ಬಾಗಿಲತ್ತ ಕೈ ತೋರಿಸಿ, "ಹಲ್ಲಿನ ಡಾಕ್ಟರ್ ಖೋಲಿನೂ ಯಾರಿಗೂ ಸಿಗವಲ್ದು ನೋಡ್ರಿ," ಎಂದರು.

ನಬಿಸಾಬ್ ಕುಂಚವನ್ನು ಅದೇ ಬಕೆಟ್ಟಿನಲ್ಲಿ ಅದ್ದಿದ. ಆ ನೀಲಿ ಬಾಗಿಲ ಮೇಲೆ ದೊಡ್ಡದೊಂದು ಬಿಳಿ ಹಲ್ಲು ಬರೆದು, ಹಳೆಯ ರೂಢಿಯಂತೆ ಹತ್ತು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದ.