ಅತ್ತಿಗೆಯ ಕೇಕು, ನಾದಿನಿಯ ಏರ್‌ಬ್ರಷ್

ಆಸ್ಪತ್ರೆಯಲ್ಲಿ ಎಕ್ಸರೇ ತೆಗೆಯುವ ಚಿಕ್ಕಿ ಎಂಬ ಹುಡುಗಿಗೆ ಬಿಡುವು ಸಿಕ್ಕರೆ ಪ್ಲಾಸ್ಟಿಕ್ ಮಾದರಿಗಳನ್ನು ಜೋಡಿಸುವ ಹುಚ್ಚು. ಅಂಗೈಯಗಲದ ವಿಮಾನ, ಬೆರಳುದ್ದದ ದೋಣಿ. ಕುಂಚದಲ್ಲಿ ಎಷ್ಟು ನಾಜೂಕಾಗಿ ಬಳಿದರೂ ಬಣ್ಣದಲ್ಲಿ ಗೆರೆ ಉಳಿಯುತ್ತಿತ್ತು. ಬಣ್ಣವನ್ನು ಮಂಜಿನಂತೆ ಸಿಂಪಡಿಸುವ ಏರ್‌ಬ್ರಷ್ಷಿಗಾಗಿ ಅವಳು ಅಂಗಡಿ ಅಂಗಡಿ ಅಲೆದಳು. ಒಳ್ಳೆಯದರ ಬೆಲೆ ಕೇಳಿದರೆ ತಲೆ ತಿರುಗುತ್ತಿತ್ತು. ಅಗ್ಗದವುಗಳಲ್ಲಿ ಒಂದು ಬಣ್ಣ ಉಗುಳಿತು, ಇನ್ನೊಂದು ಬರೀ ಕೆಮ್ಮಿತು. ಕೊನೆಗೆ ಮಾದರಿ ಸಾಮಾನು ಮಾರುವ ಒಬ್ಬ ಮುದುಕ ಗಾಳಿ ಊದುವ ಪುಟ್ಟ ಕಂಪ್ರೆಸರ್ ಸಮೇತ ಒಂದು ಕಿಟ್ ತೆಗೆದು, ಹಳೇ ಪೇಪರಿನ ಮೇಲೆ ಕೂದಲೆಳೆಯಂಥ ಗೆರೆ ಎಳೆದು ತೋರಿಸಿದ.

“ಅಗ್ಗದ್ದು ಅಂತ ಅನುಮಾನ ಬೇಡಮ್ಮ. ಪ್ರತಿ ಸಲ ಬಿಚ್ಚಿ ತೊಳೀರಿ, ಅಷ್ಟೇ. ಒಳಗೇ ಒಣಗಿಬಿಟ್ರೆ ಆಮೇಲೆ ಯಾರಪ್ಪ ಬಂದ್ರೂ ಆಗಲ್ಲ.”

ಅವಳಿದ್ದದ್ದು ಅಣ್ಣ ಅತ್ತಿಗೆಯ ಜೊತೆ. ಅತ್ತಿಗೆ ಮನೆಯಲ್ಲೇ ಕೇಕು ಮಾಡಿ ಮಾರುತ್ತಿದ್ದಳು. ಬಣ್ಣ ಕರಗಿಸುವ ತಿನ್ನರಿನ ಘಾಟು ಅಡುಗೆಮನೆಗೆ ಬರಕೂಡದೆಂದು ಅವಳು ಮೊದಲ ದಿನವೇ ಮೂಗು ಮುಚ್ಚಿಕೊಂಡು ಹೇಳಿದ್ದರಿಂದ, ಚಿಕ್ಕಿ ಹಿಂದಿನ ಕಿರುಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಒಂದು ಫೈರ್ ಎಂಜಿನ್ನಿಗೆ ಕೆಂಪು ಬಣ್ಣ ಹೊಡೆಯತೊಡಗಿದಳು.

ಕೆಲವು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಏರ್‌ಬ್ರಷ್ ತೊದಲತೊಡಗಿತು. ಮುದುಕ ಟೋಪಿ ಹಾಕಿದನೆಂದು ಬೈದುಕೊಳ್ಳುತ್ತ ಚಿಕ್ಕಿ ಅದನ್ನು ಬಿಚ್ಚಿದಳು. ಒಳಗಿನ ಸೂಜಿಯ ಜೊತೆ ಕಫದಂತಹ ಹಳದಿ ಅಂಟು ಎಳೆಎಳೆಯಾಗಿ ಈಚೆ ಬಂತು. ಅದರಲ್ಲಿ ಎರಡು ಸತ್ತ ಇರುವೆ, ಕೆಂಪು ಬಣ್ಣದ ಪುಡಿ. ಮೂಸಿದರೆ ಕಮಟು ಬೆಣ್ಣೆಯ ನಾತ.

ಅನುಮಾನ ಬಂದು ಅಡುಗೆಮನೆಗೆ ಹೋದರೆ ಮೇಜಿನ ಮೇಲೆ ಸಂಜೆ ಕೊಡಬೇಕಾದ ಕೇಕಿತ್ತು. ಅದರ ಕ್ರೀಮಿನ ಗುಲಾಬಿಗಳ ಅಂಚಿಗೆ ಮಂಜು ಕವಿದಂತೆ ಕೆಂಪು ಹರಡಿತ್ತು. ಅತ್ತಿಗೆಯ ಕೈಗೆ ಈಚೆಗೆ ಎಂಥ ಕಲೆ ಬಂತೆಂದು ಎಲ್ಲರೂ ಹೊಗಳುತ್ತಿದ್ದುದು ಇದನ್ನೇ. ಹೋದ ವಾರ ತಾನೂ ಒಂದು ತುಂಡು ತಿಂದು ಬೆರಳು ನೆಕ್ಕಿದ್ದು ನೆನಪಾಗಿ ಚಿಕ್ಕಿ ಬಚ್ಚಲಿಗೆ ಓಡಿದಳು.

ಕೇಳಿದಾಗ ಅತ್ತಿಗೆ ಮುಚ್ಚಿಡಲಿಲ್ಲ. ಚಿಕ್ಕಿ ಡ್ಯೂಟಿಗೆ ಹೋದ ಮೇಲೆ ಏರ್‌ಬ್ರಷ್ ತೆಗೆದುಕೊಂಡು, ಕರಗಿದ ಬೆಣ್ಣೆಯಲ್ಲಿ ಕಲಸಿದ ತಿನ್ನುವ ಬಣ್ಣವನ್ನು ಕೇಕಿಗೆ ಹೊಡೆಯುತ್ತಿದ್ದಳಂತೆ. ಬಿಸಿನೀರಲ್ಲಿ ತೊಳೆದೇ ಬಳಸುತ್ತಿದ್ದಳಂತೆ.

“ನನ್ನ ಬಣ್ಣ ಬಿಸಿನೀರಿಗೆ ಬಗ್ಗಲ್ಲ ಅತ್ತಿಗೆ, ತಿನ್ನರೇ ಬೇಕು. ಇಷ್ಟು ದಿನ ನೀವು ಜನಕ್ಕೆ ಪೇಂಟ್ ತಿನ್ನಿಸಿದ್ದೀರಿ.”

“ಒಂದು ಹನಿ ಹೋಗಿದ್ದೀತು ಕಣೇ. ಯಾರಿಗಾದ್ರೂ ಏನಾದ್ರೂ ಆಯ್ತಾ? ಆರ್ಡರ್ ಜಾಸ್ತಿನೇ ಆಗಿದೆ,” ಎಂದಳು ಅತ್ತಿಗೆ. ಆ ಮಾತಿನ ಕೊನೆಯಲ್ಲಿ ಸಣ್ಣ ಹೆಮ್ಮೆಯೂ ಇತ್ತು.

ಅಣ್ಣ ಬುದ್ಧಿ ಹೇಳಿಯಾನೆಂದು ಚಿಕ್ಕಿ ಅವನನ್ನು ಕರೆದಳು. ಅವನು ಎಲ್ಲ ಕೇಳಿಸಿಕೊಂಡು ಮೊದಲು ಮಾಡಿದ ಕೆಲಸವೆಂದರೆ ಬೀದಿ ಕಡೆಯ ಕಿಟಕಿ ಮುಚ್ಚಿದ್ದು.

“ಇವತ್ತಿನದೊಂದು ಕೊಟ್ಟುಬಿಡ್ಲಿ. ನಾಳೆಯಿಂದ ಬೇಡ.”

ಚಿಕ್ಕಿ ಕೇಕನ್ನು ತಟ್ಟೆ ಸಮೇತ ಎತ್ತಿ ಕಸದ ಡಬ್ಬಿಗೆ ಕವುಚಿದಳು. ಸಂಜೆ ಕೇಕು ಒಯ್ಯಲು ಬಂದ ಹೆಂಗಸಿಗೆ ಬಾಗಿಲಲ್ಲೇ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸುದ್ದಿ ಬೀದಿಯೆಲ್ಲ ಹಬ್ಬಿತು. ಅತ್ತಿಗೆಯ ಒಲೆ ತಣ್ಣಗಾಯಿತು, ಮನೆಯಲ್ಲಿ ಮಾತೂ ನಿಂತಿತು. ತಂಗಿ ಹೊಟ್ಟೆ ಮೇಲೆ ಹೊಡೆದಳೆಂದು ಅಣ್ಣ ಅವರಿವರ ಹತ್ತಿರ ಹೇಳಿಕೊಂಡು ತಿರುಗಿದ.

ತಿಂಗಳುಗಳ ಮೇಲೆ ಅತ್ತಿಗೆಯೇ ಕಿರುಕೋಣೆಯ ಬಾಗಿಲಿಗೆ ಬಂದು, ಕೇಕಿಗೇ ಅಂತ ಬೇರೆ ಏರ್‌ಬ್ರಷ್ ಅಗ್ಗದಲ್ಲಿ ಸಿಗುತ್ತದೆಯೇ ಎಂದು ಕೆಳದನಿಯಲ್ಲಿ ಕೇಳಿದಳು. ಚಿಕ್ಕಿ ಹೋಗಿ ಹೊಸದೊಂದು ತಂದುಕೊಟ್ಟಳು, ತಿನ್ನುವ ಬಣ್ಣದ ಸೀಸೆಗಳನ್ನೂ ತಂದಳು. ಬಿಚ್ಚಿ ತೊಳೆಯುವುದನ್ನು ಕಲಿಸಿದಳು.

ಹೊಸದರಲ್ಲಿ ಮಾಡಿದ ಮೊದಲ ಕೇಕಿನ ತುಂಡನ್ನು ಅತ್ತಿಗೆ ಅವಳ ಮುಂದಿಟ್ಟಳು. ಅಣ್ಣ ಆಗಲೇ ಎರಡನೆಯ ತುಂಡಿಗೆ ಕೈಹಾಕಿದ್ದ, ಮೀಸೆಗೆಲ್ಲ ಕ್ರೀಮು. ಇದರಲ್ಲಿ ಯಾವ ದೋಷವೂ ಇಲ್ಲವೆಂದು ಚಿಕ್ಕಿಗೆ ಗೊತ್ತಿತ್ತು. ಚಮಚೆಯನ್ನು ತುಟಿಯವರೆಗೆ ತಂದಳು. ಬೆಣ್ಣೆಯ ವಾಸನೆ ಬಡಿಯಿತು.

“ಹಸಿವಿಲ್ಲ ಅತ್ತಿಗೆ,” ಎಂದು ತಟ್ಟೆ ಸರಿಸಿ ಎದ್ದಳು.