ಎರಡಕ್ಕೂ ಒಂದೇ ಕೂಗು

ಪೆಟ್ಟಿಗೆಯ ಮುಂಭಾಗ ಸ್ಮಶಾನದ ಗೇಟು ದಾಟಿ, ಹಿಂಭಾಗ ಇನ್ನೂ ರಸ್ತೆಯ ಮೇಲಿದ್ದಾಗ ಸೈರನ್ ಕೂಗಿತು.

ಹೊತ್ತವರು ಕಾಲು ಕಿತ್ತಿಡದೆ ಹಾಗೇ ನಿಂತರು. ವಾರವಿಡೀ ಸುರಿದ ಮಳೆಗೆ ಬೇಲಿಯಾಚೆಯ ನದಿ ಕೆಂಪಗೆ ದಂಡೆ ಸವರಿಕೊಂಡು ಹರಿಯುತ್ತಿತ್ತು. ಕಣಿವೆಯ ತುದಿಯ ಅಣೆಕಟ್ಟು ಮೋಡದಲ್ಲಿ ಮುಚ್ಚಿಹೋಗಿತ್ತು. ಕಂಡಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ.

"ಇವತ್ತು ಸೋಮವಾರ ಅಲ್ವಾ?" ಎಂದ ಕ್ಷೌರಿಕ. ಅವನ ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ. "ಪರೀಕ್ಷೆ ಸೈರನ್ನು. ಪ್ರತಿ ವಾರದ್ದು."

ಹಿಂದೊಮ್ಮೆ ಇದೇ ಮಾತು ಹೇಳಿ ಮನೆಯಲ್ಲೇ ಕೂತವರು ಈಗ ಆ ಬೇಲಿಯೊಳಗೆ ಸಾಲಾಗಿ ಮಲಗಿದ್ದರು.

*

ಪೆಟ್ಟಿಗೆಯಲ್ಲಿದ್ದವಳು ದರ್ಜಿ. ಹಿಂದೆ ಅಣೆಕಟ್ಟಿನ ನೀರು ನುಗ್ಗಿದ ಆ ದಿನ ಅವಳಿನ್ನೂ ಹರೆಯದವಳು. ಅವತ್ತೂ ಸೋಮವಾರ, ಕಚೇರಿಗಳು ತೆರೆಯುವ ಹೊತ್ತು. ಅವಳು ಅಂಗಿಯೊಂದಕ್ಕೆ ಗುಂಡಿ ಹಾಕುತ್ತಿದ್ದಳು, ಗಂಡ ಯಂತ್ರದ ಮುಂದೆ ಕೂತು ಪ್ಯಾಂಟಿನ ಅಂಚು ಹೊಲಿಯುತ್ತಿದ್ದ. ಸೈರನ್ ಕೂಗಿತು. ಊರು ಅದನ್ನು ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತೇ ಹೊರತು ಬೇರೇನೂ ಮಾಡುತ್ತಿರಲಿಲ್ಲ.

"ಅಮ್ಮಾ, ಇನ್ನೂ ನಿಲ್ತಿಲ್ಲ," ಎಂದಳು ಬಾಗಿಲಲ್ಲಿ ಆಡುತ್ತಿದ್ದ ಮಗಳು.

ತಾಯಿ ಅಂಗಿ ಕೆಳಗಿಟ್ಟು ಎದ್ದಳು. ಮಗುವನ್ನು ಎತ್ತಿಕೊಂಡಳು. "ಏಳ್ರೀ, ಹೋಗೋಣ."

"ಸೋಮವಾರ ಕಣೇ. ಹೋಗೋದಾದ್ರೆ ನೀ ನಡಿ, ಈ ಒಂದು ಕಾಲು ಮುಗಿಸಿ ಬರ್ತೀನಿ."

ಶಾಲೆಗುಡ್ಡದ ಅರ್ಧ ಹತ್ತಿ ತಿರುಗಿ ನೋಡಿದಾಗ ಕೆಳಗೆ ಬೀದಿಯೇ ಇರಲಿಲ್ಲ.

ಆಮೇಲೆ ಸರ್ಕಾರ ವಿಚಾರಣೆ ನಡೆಸಿತು. ಸೈರನ್ ಮೊಳಗಿಸಲಾಗಿತ್ತು, ಸಾರ್ವಜನಿಕರು ಗಮನ ಕೊಡಲಿಲ್ಲ ಎಂದಿತು. ತಪ್ಪನ್ನು ಸತ್ತವರ ತಲೆಗೆ ಕಟ್ಟಿ ಕೈತೊಳೆದುಕೊಂಡರು, ಅಷ್ಟೇ. ಕೆಸರು ಒಣಗುವ ಮೊದಲೇ ಮತ್ತೆ ಸೋಮವಾರ, ಅದೇ ಹೊತ್ತಿಗೆ, ಅದೇ ಪರೀಕ್ಷೆ.

ಅವಳು ವಿಪತ್ತು ನಿರ್ವಹಣಾ ಕಚೇರಿಗೆ ಅಲೆದಳು. ಕಿಟಕಿಯ ಆಚೆ ಕೂತ ಗುಮಾಸ್ತನಿಗೆ ಕೈಮುಗಿದು ಹೇಳಿದಳು. "ಪರೀಕ್ಷೆಗೆ ಬೇರೆ ಸದ್ದು ಮಾಡಿ ಸ್ವಾಮಿ. ಗಂಟೆ ಹೊಡೀರಿ, ಡಬ್ಬ ಬಡೀರಿ, ಏನಾದ್ರೂ ಮಾಡಿ. ಎರಡಕ್ಕೂ ಒಂದೇ ಕೂಗು ಬೇಡ."

"ಮೇಲಿನೋರಿಗೆ ತಿಳಿಸ್ತೀವಮ್ಮ," ಎಂದ ಅವನು. ಅದನ್ನೇ ಹೇಳುತ್ತಾ ಹೇಳುತ್ತಾ ಅವನ ತಲೆ ನರೆಯಿತು.

ಅವಳು ಕಾಯಲಿಲ್ಲ. ಪ್ರತಿ ಸೋಮವಾರ ಸೈರನ್ ಕೂಗಿದೊಡನೆ, ಗಿರಾಕಿಯ ಕುತ್ತಿಗೆಗೆ ಅಳತೆ ಟೇಪು ಸುತ್ತಿದ್ದರೂ ಸರಿ, ಅಲ್ಲೇ ಬಿಟ್ಟು ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡು ಗುಡ್ಡ ಹತ್ತುತ್ತಿದ್ದಳು. ಶಾಲೆಯ ಜಗಲಿಯ ಬೆಂಚಿನ ಮೇಲೆ ಕೂತು, ಕೂಗು ನಿಂತ ಮೇಲೂ ಸ್ವಲ್ಪ ಹೊತ್ತು ನದಿ ನೋಡಿ ಇಳಿಯುತ್ತಿದ್ದಳು. ಊರಿಗೆ ಇದೊಂದು ತಮಾಷೆಯಾಯಿತು. "ಸೋಮವಾರದಮ್ಮ ಹೊರಟ್ಲು! ತಡ್ಕೊಳ್ಳೋಕೆ ಹೇಳ್ರಪ್ಪ ನದಿಗೆ!" ಎಂದು ಕ್ಷೌರಿಕ ಅಂಗಡಿಯಿಂದ ಕೂಗುತ್ತಿದ್ದ. ಅರ್ಧ ಬೋಳಿಸಿದ ಮುಖಗಳು ಕನ್ನಡಿಯಲ್ಲಿ ನಗುತ್ತಿದ್ದವು.

ಮಗಳು ಎತ್ತರಕ್ಕೆ ಬೆಳೆದ ಮೇಲೆ ಒಂದು ದಿನ ಕೈ ಬಿಡಿಸಿಕೊಂಡಳು. "ನಾ ಬರಲ್ಲ. ಮಾನ ಹೋಗುತ್ತೆ."

ತಾಯಿ ಬೈಯಲಿಲ್ಲ. "ಬಾಗಿಲಾದ್ರೂ ತೆಗೆದಿಟ್ಟಿರು," ಎಂದಳು. "ಓಡೋವಾಗ ಅಗುಳಿ ಹುಡುಕೋ ಹಾಗಾಗಬಾರದು."

*

ಸೈರನ್ ನಿಲ್ಲುತ್ತಿರಲಿಲ್ಲ. ಸ್ಮಶಾನದ ಗೇಟಿನಲ್ಲಿ ಮಗಳು ಗುಮಾಸ್ತನ ಕಡೆ ತಿರುಗಿದಳು. ಅವನು ಕಚೇರಿಯ ಪರವಾಗಿ ಹೂವಿನ ಹಾರ ತಂದಿದ್ದ.

"ಸರ್, ಇದು ಪರೀಕ್ಷೆನಾ, ನಿಜಾನಾ?"

"ಪರೀಕ್ಷೆನೇ ಇರಬೇಕು."

"ಇರಬೇಕಾ?"

ಅವನು ಅಣೆಕಟ್ಟಿಗೆ ಫೋನು ಹಚ್ಚಿದ. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದ. ನದಿ ನೋಡಿದ, ಗುಡ್ಡ ನೋಡಿದ. "ನಂಗೂ ಗೊತ್ತಾಗ್ತಿಲ್ಲಮ್ಮ," ಎಂದ ಸಣ್ಣ ದನಿಯಲ್ಲಿ. "ಎರಡಕ್ಕೂ ಒಂದೇ ಕೂಗು."

ಅಷ್ಟು ಸಾಕಾಯಿತು. ಬಂದವರಲ್ಲಿ ಅರ್ಧ ಜನ ಛತ್ರಿ ಬಿಸಾಡಿ ಓಡಿದರು. ಪೆಟ್ಟಿಗೆ ಒಂದು ಕಡೆಗೆ ವಾಲಿತು.

"ಇಳಿಸಿ, ಇಳಿಸಿ!" ಎಂದ ಸೋದರಮಾವ. "ಅಕ್ಕ ಹೋಗಿಯಾಯ್ತು, ಇನ್ನು ಅವಳಿಗೇನು ಭಯ? ಇರೋರು ಉಳ್ಕೊಳ್ಳೋದು ನೋಡಿ. ನಡಿಯೇ!"

ಮಾವ ಹೇಳಿದ್ದು ಸರಿಯೇ. ತೋಡಿಟ್ಟ ಗುಂಡಿಯಲ್ಲಿ ಆಗಲೇ ನೀರು ಒಸರುತ್ತಿತ್ತು. ಪೆಟ್ಟಿಗೆ ಹೊತ್ತು ಹತ್ತಿದರೆ ನಿಧಾನವಾಗುತ್ತದೆ, ನಿಜವಾದ ನೀರೇ ಬಂದರೆ ಎಲ್ಲರೂ ಅರ್ಧ ದಾರಿಯಲ್ಲೇ. ಆದರೆ ಒಬ್ಬರನ್ನು ಕೆಳಗೆ ಬಿಟ್ಟು ಹತ್ತಿದ ಹೆಂಗಸು ಆಮೇಲೆ ಒಂದು ಭಾನುವಾರ ರಾತ್ರಿಯೂ ನಿದ್ದೆ ಮಾಡಿದ್ದನ್ನು ಅವಳು ನೋಡಿರಲಿಲ್ಲ.

"ಇಲ್ಲ ಮಾವ. ಅಮ್ಮನ್ನ ಕೆಳಗೆ ಬಿಟ್ಟು ನಾ ಹತ್ತಲ್ಲ."

ಹೊತ್ತವರು ಆಗಲೇ ಪೆಟ್ಟಿಗೆ ಇಳಿಸಿ ಓಡಿದ್ದರು; ಅವಳು ಒಂದು ಮೂಲೆಗೆ ಹೆಗಲು ಕೊಟ್ಟಳು. ಮಾವ ಹಣೆ ಚಚ್ಚಿಕೊಂಡು ಇನ್ನೊಂದು ಮೂಲೆ ಹಿಡಿದ. ಗುಮಾಸ್ತ ಹಾರವನ್ನು ತನ್ನ ಕೊರಳಿಗೇ ಹಾಕಿಕೊಂಡು ಮೂರನೆಯದಕ್ಕೆ ಬಂದ. ಆಗಲೇ ತಿರುವಿನವರೆಗೆ ಓಡಿದ್ದ ಕ್ಷೌರಿಕ ಬೈದುಕೊಳ್ಳುತ್ತಾ ವಾಪಸು ಬಂದ. "ಥೂ ಇವಳ! ಸತ್ತ ಮೇಲೂ ಸೋಮವಾರ ಬಿಡಲಿಲ್ಲ," ಎಂದು ಗಳಗಳ ಅಳುತ್ತಾ ನಾಲ್ಕನೆಯ ಮೂಲೆ ಎತ್ತಿದ.

ಊರಿನ ಮುಖ್ಯ ಬೀದಿಯಲ್ಲಿ ಅವರು ಓಡಿದರು. ಹೆಣ ಹೊತ್ತವರು ಸ್ಮಶಾನದಿಂದ ಊರೊಳಗೆ ಓಡಿ ಬರುವುದನ್ನು ಯಾರು ಕಂಡಿದ್ದರು? ಕಿಟಕಿಗಳಲ್ಲಿ ಮುಖಗಳು ಕಾಣಿಸಿದವು. "ಸೋಮವಾರದಮ್ಮ ಹತ್ತುತಾ ಇದಾಳೆ!" ಎಂದು ಯಾರೋ ಚೀರಿದರು. ಈ ಸಲ ಯಾರೂ ನಗಲಿಲ್ಲ. ಕೂಸುಗಳನ್ನು ಕಂಕುಳಿಗೇರಿಸಿ, ಮುದುಕರನ್ನು ತೋಳು ಹಿಡಿದು ಎಳೆದುಕೊಂಡು ಜನ ಹಿಂದೆ ಬಂದರು. ಕೆಸರಿನಲ್ಲಿ ಜಾರಿದರು, ಎದ್ದರು. ಬೆನ್ನ ಹಿಂದೆ ಸೈರನ್ ಅರಚುತ್ತಲೇ ಇತ್ತು. ತಿರುಗಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಶಾಲೆಯ ಜಗಲಿಯಲ್ಲಿ, ಅವಳು ಕೂತು ಕೂತು ಸವೆದ ಬೆಂಚಿನ ಮೇಲೆ ಪೆಟ್ಟಿಗೆ ಇಟ್ಟಾಗ ಕೂಗು ನಿಂತಿತು.

ಗುಮಾಸ್ತನ ಜೇಬಿನಲ್ಲಿ ಫೋನು ಟಿಣ್ ಎಂದಿತು. ಅವನು ಕನ್ನಡಕ ಒರೆಸಿಕೊಂಡು ಓದಿದ. "ಇಂದಿನ ಸೈರನ್ ಪರೀಕ್ಷೆ ಯಶಸ್ವಿ. ಸಹಕರಿಸಿದ ಸಾರ್ವಜನಿಕರಿಗೆ ಧನ್ಯವಾದ." ಆಮೇಲೆ ಸುತ್ತ ನೋಡಿ ಹೇಳಿದ, "ಪರೀಕ್ಷೆನೇ. ಇಳಿಯೋಣ ಬನ್ನಿ."

"ಮೊದಲು ನೀವು ಇಳೀರಿ ಸರ್," ಎಂದ ಮಾವ.

ಗುಮಾಸ್ತ ಜಗಲಿಯ ಅಂಚಿನವರೆಗೆ ಹೋದ. ಒಂದು ಕಾಲನ್ನು ಮೆಟ್ಟಿಲಿಗಿಟ್ಟು ನದಿಯನ್ನೇ ನೋಡಿದ. ಕಾಲು ಹಿಂದಕ್ಕೆ ತೆಗೆದುಕೊಂಡು, ಕೊರಳಿನ ಹಾರ ಬಿಚ್ಚಿ ಪೆಟ್ಟಿಗೆಯ ಮೇಲಿಟ್ಟು, ಗೋಡೆಗೆ ಒರಗಿ ಕೂತುಬಿಟ್ಟ.

ಮಗಳು ಪೆಟ್ಟಿಗೆಯ ಪಕ್ಕ, ಬೆಂಚಿನಲ್ಲಿ ಉಳಿದ ಚೂರು ಜಾಗದಲ್ಲಿ ಕೂತಳು. ಮಳೆ ಮತ್ತೆ ಹನಿಯತೊಡಗಿತ್ತು. ಕೆಳಗೆ, ಬೀದಿಯುದ್ದಕ್ಕೂ, ಒಂದೊಂದು ಮನೆಯ ಬಾಗಿಲೂ ಹಾರುಹೊಡೆದುಕೊಂಡಿತ್ತು.