ಉಡಿ ಸಾಮಾನಿನ ಬಿಲ್

ಬಿಲ್ಲಿನಲ್ಲಿ ಕುಂಕುಮದ ಮುಂದೆ ಮತ್ತೆ ತೆರಿಗೆ ಬಂತು, ಹಟಮಾರಿ ಕಂಪ್ಯೂಟರು, ಆದರೆ ನಾನೂ ಕಡಿಮೆಯಿಲ್ಲ, ಇವತ್ತು ಬಿಡುವುದಿಲ್ಲ — ಹೊರಗೆ ಸಾಹುಕಾರ ಶಂಕ್ರೆಪ್ಪ ಶಟರ್ ಎತ್ತುತ್ತಿದ್ದಾರೆ, ಸವದತ್ತಿ ಗುಡ್ಡಕ್ಕೆ ದೇವಿಯ ದರ್ಶನಕ್ಕೆ ಹೋಗುವವರ ಮೊದಲ ಜೀಪು ಬರುವುದರೊಳಗೆ ಇದು ಸರಿಯಾಗಬೇಕು, ಎರಡು ಸಾವಿರದ ಐದು, ಏಪ್ರಿಲ್ ಒಂದು, ಇವತ್ತಿನಿಂದ ವ್ಯಾಟ್ ಅನ್ನುವ ಹೊಸ ತೆರಿಗೆ, ಅನ್ನಪೂರ್ಣಾ, ಬಿಲ್ ಸರಿ ಬಂತಂದ್ರ ಈ ಕುರ್ಚಿ ನಿಂದು, ಇಲ್ಲಂದ್ರ ಬೆಳಗಾವಿಂದ ಬ್ಯಾರೆಯವ್ರನ್ನ ಕರಸ್ತೇನಿ, ನಿನ್ನೆ ಸಾಹುಕಾರರು ಹೇಳಿದ್ದು, ನನಗೆ ಈ ಕುರ್ಚಿ ಬೇಕು, ಬೇಕೇ ಬೇಕು, ಗಂಡ ತೀರಿಕೊಂಡ ಮೇಲೆ ತವರಿನಲ್ಲಿ ಅತ್ತಿಗೆಯ ಮುಖ ನೋಡಿ ತುತ್ತು ಎತ್ತುವುದು ಸಾಕಾಗಿದೆ — ತಪ್ಪು ನನ್ನದೇ, ಉಡಿ ಸಾಮಾನು ಅಂತ ಒಂದೇ ಹೆಸರು ಹೊಡೆದಿದ್ದೆ, ಈ ಅಂಗಡಿಯಲ್ಲಿ ಎಂದಿನಿಂದಲೂ ಅದು ಒಂದೇ ಗಂಟು, ದೇವಿಗೂ ಅದೇ, ಮುತ್ತೈದೆಯರ ಸೆರಗಿಗೆ ಮಡಿಲಕ್ಕಿಯಾಗಿ ತುಂಬುವುದೂ ಅದೇ, ಹಾಗಾಗಿ ಇಡೀ ಗಂಟಿಗೆ ತೆರಿಗೆ ಬಿತ್ತು, ಸಾಹುಕಾರರ ತಾಯಿ ತಾಯವ್ವ ಕನ್ನಡಕ ಏರಿಸಿ ನೋಡಿದರು, ಕುಂಕುಮಕ್ಕೂ ಬಳಿಗೂ ಟ್ಯಾಕ್ಸ್ ಹಾಕೇತೇನ ಸರಕಾರ, ಇಲ್ಲ ಆಯಿ, ಸರಕಾರ ಬಿಟ್ಟೈತಿ, ನಾನ ಹಾಕೇನಿ — ನಗು ಬರುತ್ತದೆ ಈಗ, ಗಂಟು ಬಿಚ್ಚಿ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ, ಅಕ್ಕಿ, ಕುಂಕುಮ, ಹಸಿರು ಬಳೆ, ಕುಪ್ಪಸಕ್ಕೆ ಕೈಮಗ್ಗದ ಖಣ, ಇವಕ್ಕೆಲ್ಲ ವಿನಾಯ್ತಿ, ತಲೆ ಬಾಚುವ ಹಣಿಗೆಗೂ ಕನ್ನಡಿಗೂ ಮಾತ್ರ ತೆರಿಗೆ, ಒಂದೊಂದಕ್ಕೂ ಬೇರೆ ಬೇರೆ ಕೋಡ್ ಕೊಟ್ಟಾಯಿತು, ಆದರೂ ಯಾಕೆ, ಯಾಕೆ — ತಡಿ, ಗುಂಪು, ಉಡಿ ಸಾಮಾನು ಅನ್ನುವ ಇಡೀ ಗುಂಪಿಗೆ ಹಾಕಿದ ಹಳೆಯ ಕೋಡ್ ಇನ್ನೂ ಮೇಲೆ ಕೂತಿದೆ, ಮನೆಯ ಯಜಮಾನನ ಹಾಗೆ ಎಲ್ಲರ ಪರವಾಗಿ ತಾನೇ ಮಾತಾಡುತ್ತಿದೆ, ಕೆಳಗೆ ಒಂದು ಸಣ್ಣ ಚೌಕ, ಗುಂಪಿನದನ್ನು ಬಿಡು, ಸಾಮಾನಿನದನ್ನೇ ಹಿಡಿ ಅನ್ನುವ ಚೌಕ, ಅದರಲ್ಲಿ ಗುರುತು ಹಾಕಿದೆ, ಬಿಲ್ ತೆಗೆದೆ, ಗಿರಾಕಿಯ ಹೆಸರು ಕೇಳಿತು, ಗಡಿಬಿಡಿಯಲ್ಲಿ ನನ್ನದನ್ನೇ ಹೊಡೆದೆ, ಪ್ರಿಂಟರ್ ಕಿರ್ರೆಂದಿತು — ಕುಂಕುಮ ಸೊನ್ನೆ, ಬಳೆ ಸೊನ್ನೆ, ಖಣ ಸೊನ್ನೆ, ಬಂತು, ಬಂತು, ಕುಣಿಯಬೇಕು ಅನಿಸುತ್ತಿದೆ, ಸಾಹುಕಾರರು ಕಾಗದ ನೋಡಿದರು, ಭೇಷ್, ಇನ್ನ ಕುರ್ಚಿ ಬಿಟ್ಟು ಏಳಬ್ಯಾಡ, ಇಷ್ಟು ಖುಷಿ ಯಾವತ್ತು ಪಟ್ಟಿದ್ದೆನೋ ನೆನಪಿಲ್ಲ — ಗಂಟು ಮತ್ತೆ ಕಟ್ಟಬೇಕು, ಆದರೆ ತಾಯವ್ವ ಬಿಲ್ಲನ್ನು ದೂರ ಹಿಡಿದು ಓದುತ್ತಿದ್ದಾರೆ, ಉಡಿ ಸಾಮಾನು, ಅನ್ನಪೂರ್ಣಾ, ಅದು ಪರೀಕ್ಷೆಗೆ ಆಯಿ, ರದ್ದ ಮಾಡತೇನಿ, ಯಾಕ ರದ್ದ, ನಿನ್ನ ಹೆಸರಿಲೇ ಆಗೇತಿ, ಸೆರಗ ಹಿಡಿ — ಏನು ಹೇಳುತ್ತಿದ್ದಾರೆ, ಯಾರ ಮನೆಯಲ್ಲಿ ಉಡಿ ತುಂಬಿದರೂ ನಾನು ಅಡುಗೆಮನೆಯಲ್ಲೇ, ಹೋಳಿಗೆ ಬೇಯಿಸುತ್ತಾ, ಕರೆಯುವವರೆಗೆ ಹೊರಗೆ ಬರದೆ, ಕರೆಯುವುದೂ ಇಲ್ಲ, ಆಯಿ, ನನಗ ತುಂಬೂದಿಲ್ಲ, ನಿಮಗ ಗೊತ್ತೈತಲ್ಲ, ಗೊತ್ತೈತಿ, ಹಿಡಿ — ಜೀಪು ಬಂತು, ರಾಮದುರ್ಗದ ಹೆಂಗಸರು ಇಳಿಯುತ್ತಿದ್ದಾರೆ, ನೋಡುತ್ತಿದ್ದಾರೆ, ನೋಡಲಿ, ಕೈ ತಾನಾಗಿ ಸೆರಗು ಬಿಚ್ಚಿ ಹಿಡಿಯುತ್ತಿದೆ, ತಾಯವ್ವನ ಬೊಗಸೆ, ಅಕ್ಕಿ ತುಂಬಿದ ಬೊಗಸೆ, ನನ್ನ ಸೆರಗಿನ ಮೇಲೆ ಬಾಗುತ್ತಿರುವ ಬೊಗಸೆ, ಬೊಗಸೆ